ಕಾಗೆ ಕೂರುವಷ್ಟು ಜಾಗ

ಆ ಊರಿನ ಗಾಳಿಗೆ ಓದಲು ಬರುತ್ತಿತ್ತು. ಯಾರು ಕಲಿಸಿದರು ಎಂದು ಕೇಳಬೇಡಿ, ಊರಿನವರಿಗೇ ಗೊತ್ತಿಲ್ಲ. ಅರ್ಧ ಊರಿಗೆ ಅಕ್ಷರ ಬರುತ್ತಿರಲಿಲ್ಲ, ಗಾಳಿಗೆ ಬರುತ್ತಿತ್ತು, ಅಷ್ಟೆ. ಬೆಳಗೆಲ್ಲ ಬೆಟ್ಟದ ಆಚೆ ಎಲ್ಲೋ ಬಿದ್ದುಕೊಂಡಿದ್ದು, ಜನ ಉಂಡು ಕೈ ತೊಳೆಯುವ ಹೊತ್ತಿಗೆ ಸರಿಯಾಗಿ ಊರೊಳಗೆ ಬರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಹೊರಟುಹೋಗುತ್ತಿತ್ತು.

ಆದ್ದರಿಂದ ಅಲ್ಲಿ ಕಥೆ ಬರೆಯುವವರು ಕಾಗದದ ಮೇಲೆ ಬರೆಯುತ್ತಿರಲಿಲ್ಲ. ಕೈಯಗಲದ ಬಟ್ಟೆ ಚೂರಿನ ಮೇಲೆ ಒಂದೊಂದು ಸಾಲು ಬರೆದು ಅಂಗಳದ ಹಗ್ಗದ ಮೇಲೆ ಹಾಕುತ್ತಿದ್ದರು. ಗಂಟು ಕಟ್ಟುವ ಹಾಗಿಲ್ಲ, ಕ್ಲಿಪ್ಪು ಸಿಕ್ಕಿಸುವ ಹಾಗಿಲ್ಲ, ಸುಮ್ಮನೆ ಇಳಿಬಿಡಬೇಕು. ಗಾಳಿ ಬಂದು ಒಂದೊಂದನ್ನೇ ಓದುತ್ತಿತ್ತು. ಸುಳ್ಳು ಸಾಲು, ಕಡ ತಂದ ಸಾಲು, ಜಂಬದ ಸಾಲು ಸಿಕ್ಕಿದರೆ ಎತ್ತಿ ಬಿಸಾಡುತ್ತಿತ್ತು. ಜೀವ ಇರುವ ಸಾಲನ್ನು ಮಾತ್ರ ಎಷ್ಟು ಹಿಡಿದು ಅಲ್ಲಾಡಿಸಿದರೂ ಅದು ಹಗ್ಗ ಬಿಡುತ್ತಿರಲಿಲ್ಲ. ಸಂಜೆಗೆ ಉಳಿದದ್ದು ನಿನ್ನದು, ಹೋದದ್ದು ಗಾಳಿಯದು.

ಹಗ್ಗ ಕೊಡುವವನು ಹಗ್ಗದಜ್ಜ. ಯಾರು ಕೇಳಿದರೂ ಕೊಡುತ್ತಿದ್ದ, ಆದರೆ ಜನ್ಮಕ್ಕೊಂದೇ ಸಲ, ಒಂದೇ ವರ್ಷಕ್ಕೆ. ವರ್ಷದಲ್ಲಿ ಒಂದು ದಿನ ಗಾಳಿ ತವರಿಗೆ ಹೋಗುತ್ತದೆ. ಅವತ್ತು ಅಜ್ಜ ಬೆತ್ತ ಹಿಡಿದು ಅಂಗಳ ಅಂಗಳಕ್ಕೆ ಬರುತ್ತಾನೆ. ಈ ಕಂಬದಿಂದ ಆ ಕಂಬದವರೆಗೆ ಹಗ್ಗ ತುಂಬಿರಬೇಕು. ನಡುವೆ ಕಾಗೆ ಕೂರುವಷ್ಟು ಜಾಗವೂ ಇರಕೂಡದು. ತುಂಬಿದ್ದರೆ ನೀನು ಸಾಯುವವರೆಗೆ ಹಗ್ಗ ನಿನ್ನದು. ಊರೆಲ್ಲ ನಿನ್ನ ಅಂಗಳದಲ್ಲಿ ಕೂತು ಕಥೆ ಕೇಳುತ್ತದೆ. ಕಾಗೆ ಬಂದು ಕೂತರೆ ಮುಗಿಯಿತು. ಅವತ್ತೇ ಅಜ್ಜ ಅದನ್ನು ಬಿಚ್ಚಿ ಬಟ್ಟೆ ಒಣಗಿಸುವ ಹಗ್ಗ ಕಟ್ಟಿಬಿಡುತ್ತಾನೆ, ಇನ್ನೊಂದು ಕೇಳುವ ಹಾಗಿಲ್ಲ.

ಈ ಊರಿನಲ್ಲಿ ಒಬ್ಬಳು ಗುಂಡಿಯವಳು ಇದ್ದಳು. ದರ್ಜಿ ಹೊಲಿದು ಕೊಟ್ಟ ಅಂಗಿಗಳಿಗೆ ಮನೆಯಲ್ಲಿ ಕೂತು ಗುಂಡಿ ಹಾಕುವುದು ಅವಳ ಕೆಲಸ. ಬೆಳಗಾದರೆ ಗುಂಡಿ, ಸಂಜೆಯಾದರೆ ಗುಂಡಿ. ಅವಳ ಗಂಡ ಕೊಡೆ ರಿಪೇರಿಯವನು. ಆ ಗಾಳಿ ಊರಿನಲ್ಲಿ ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ಆದ್ದರಿಂದ ಈ ಕಥೆಯಲ್ಲಿ ಅವನು ಬರುವುದಿಲ್ಲ. ಬರುವುದು ಅತ್ತೆ. ಮಡಿಲಿನಿಂದ ಉರುಳಿಬಿದ್ದ ಗುಂಡಿಯನ್ನೆಲ್ಲ ಬಗ್ಗಿ ಹೆಕ್ಕಿ, ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಬೇಕಾದಾಗ ಕೇಳು" ಅನ್ನುವ ಅತ್ತೆ. ಕೇಳಿದರೆ ಕೊಡುತ್ತಿದ್ದರೇ? ಅದು ಬೇರೆ ಮಾತು.

ಒಂದು ದಿನ ಗುಂಡಿಯವಳಿಗೆ ಏನಾಯಿತೋ, ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಎದ್ದು ಹೋಗಿ ಅಜ್ಜನ ಮುಂದೆ ನಿಂತಳು.

"ಅಜ್ಜ, ನನಗೊಂದು ಹಗ್ಗ ಬೇಕು."

"ಬಾವಿಗೋ, ಬಟ್ಟೆಗೋ?"

"ಕಥೆಗೆ."

ಅಜ್ಜ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಮೊದಲು ಬಾಯಲ್ಲಿರೋ ಸೂಜಿ ತೆಗಿ ತಾಯಿ, ಆಮೇಲೆ ಮಾತಾಡು."

ಹಗ್ಗ ಬಂತು. ಒಂದೇ ಅಂಗಳಕ್ಕೆ ಎರಡು ಹಗ್ಗ ಕಟ್ಟಕೂಡದು, ಅದೂ ಅಜ್ಜನ ಕಟ್ಟಪ್ಪಣೆ. ಹಾಗಾಗಿ ಬಟ್ಟೆ ಹಗ್ಗ ಬಿಚ್ಚಿ ಅದೇ ಕಂಬಗಳಿಗೆ ಕಥೆಯ ಹಗ್ಗ ಕಟ್ಟಿದ. ಮನೆಯ ಬಟ್ಟೆಯೆಲ್ಲ ಬೇಲಿಗೆ ಹೋಯಿತು. ಆದರೆ ಅತ್ತೆಯ ಸೀರೆ ಹೋಗಲಿಲ್ಲ.

"ನನ್ನ ಸೀರೆ ಬೇಲಿಗೆ ಹಾಕೋ ಸೀರೆಯಲ್ಲ," ಅಂದರು ಅತ್ತೆ. ಹಿಂಡಿದ ಒದ್ದೆ ಸೀರೆ ಹೆಗಲ ಮೇಲೆ ಹಾಕಿಕೊಂಡು ಹಗ್ಗದ ಕೆಳಗೆ ಬಂದು ನಿಂತರು. "ನಿನ್ನ ಸಾಲುಗಳು ಹಾರಿಹೋಗುತ್ತವಲ್ಲ, ಆಗ ಹಾಕ್ತೀನಿ. ನನಗೇನು ಅವಸರ!"

ಮೊದಲ ದಿನ ಗುಂಡಿಯವಳು ಹನ್ನೆರಡು ಸಾಲು ಬರೆದಳು. ಒಬ್ಬ ರಾಜ, ಅವನಿಗೊಂದು ಸಮುದ್ರ, ಸಮುದ್ರದಲ್ಲೊಂದು ಮುತ್ತು. ಅವಳು ರಾಜನನ್ನೂ ಕಂಡಿರಲಿಲ್ಲ, ಸಮುದ್ರವನ್ನೂ ಕಂಡಿರಲಿಲ್ಲ. ಗಾಳಿ ಬಂತು. ಹನ್ನೆರಡನ್ನೂ ಒಂದೇ ಉಸಿರಿಗೆ ಎತ್ತಿಕೊಂಡು ಹೋಯಿತು, ಪೂರ್ತಿ ಓದಿತೋ ಇಲ್ಲವೋ ಅನ್ನುವ ಹಾಗೆ. ಎರಡನೆಯ ದಿನ ಚಂದ್ರ, ಮಲ್ಲಿಗೆ, ವಿರಹ. ಎಲ್ಲ ಬೇಲಿಯ ಮುಳ್ಳಿನಲ್ಲಿ. ಮೂರನೆಯ ದಿನವೂ ಹಾಗೇ, ಮೂವತ್ತನೆಯ ದಿನವೂ ಹಾಗೇ. ದಿನಾ ಸಂಜೆ ಅತ್ತೆ ಖಾಲಿ ಹಗ್ಗ ನೋಡಿ ಖುಷಿಯಿಂದ ಹತ್ತಿರ ಬರುತ್ತಿದ್ದರು. ಗುಂಡಿಯವಳು ಅಡ್ಡ ನಿಲ್ಲುತ್ತಿದ್ದಳು.

"ಅತ್ತೆ, ವರ್ಷ ಮುಗಿದಿಲ್ಲ. ಸ್ವಲ್ಪ ತಾಳಿ."

"ತಾಳ್ತೀನಮ್ಮ. ಸೀರೆ ಹೇಗೂ ಇನ್ನೂ ಒದ್ದೆಯಾಗೇ ಇದೆ."

ಒಂದು ಬೆಳಿಗ್ಗೆ ಅಂಗಿಯೊಂದನ್ನು ಕೈಗೆ ತೆಗೆದುಕೊಂಡರೆ ನಾಲ್ಕೇ ಗುಂಡಿ. ಐದನೆಯದು ಮಾಯ. ನಿನ್ನೆಯ ಅಂಗಿಯಲ್ಲೂ ಐದನೆಯದೇ ಮಾಯವಾಗಿತ್ತು, ಮೊನ್ನೆಯದರಲ್ಲೂ. ಸಿಟ್ಟು ಬಂದು ಅವಳು ಕೈಗೆ ಸಿಕ್ಕ ಚೂರಿನ ಮೇಲೆ ಬರೆದು ಹಗ್ಗಕ್ಕೆ ಬಿಸಾಕಿದಳು: "ಯಾವ ಅಂಗಿಯಾದರೂ ಸರಿ, ಕಳೆದುಹೋಗುವುದು ಐದನೆಯ ಗುಂಡಿಯೇ."

ಗಾಳಿ ಬಂತು. ಓದಿತು. ಹಿಡಿದು ಎಳೆಯಿತು. ಸಾಲು ಹಗ್ಗಕ್ಕೆ ಒಂದು ಸುತ್ತು ಸುತ್ತಿಕೊಂಡಿತು. ಗಾಳಿ ಮೇಲಿಂದ ಓದಿತು, ಕೆಳಗಿಂದ ಓದಿತು, ತಿರುಗಿಸಿ ಹಿಂದುಗಡೆಯೂ ಏನಾದರೂ ಇದೆಯೇ ಎಂದು ನೋಡಿತು. ಸಾಲು ಅಲ್ಲೇ ಇತ್ತು. ದೀಪ ಹಚ್ಚುವ ಹೊತ್ತಾದರೂ ಅಲ್ಲೇ ಇತ್ತು.

ಅಬ್ಬಬ್ಬಾ, ಆ ಸಂಜೆ ಗುಂಡಿಯವಳನ್ನು ನೋಡಬೇಕಿತ್ತು! ಕಾಲು ನೆಲಕ್ಕೆ ತಾಗಲಿಲ್ಲ. ಕಂಬದ ಸುತ್ತ ಮೂರು ಸುತ್ತು ಸುತ್ತಿದಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಉಪ್ಪು ಜಾಸ್ತಿಯಾಯಿತೆಂದು ನೀರು ಹಾಕಿದಳು, ನೀರು ಜಾಸ್ತಿಯಾಯಿತೆಂದು ಮತ್ತೆ ಉಪ್ಪು ಹಾಕಿದಳು. ಹಸುವಿನ ಕೊರಳು ತಬ್ಬಿ ಆ ಸಾಲನ್ನು ಅದರ ಕಿವಿಯಲ್ಲಿ ಹೇಳಿದಳು. ಹಸು ತಲೆಯಾಡಿಸಿತು. ಹಸುಗಳು ಎಲ್ಲದಕ್ಕೂ ತಲೆಯಾಡಿಸುತ್ತವೆ, ಆದರೆ ಅವತ್ತು ಅವಳಿಗೆ ಅದು ಬೇಕಾಗಿತ್ತು.

ಅಲ್ಲಿಂದ ಕಥೆ ಹೊರಟಿತು. ಒಂದು ಅಂಗಿ ತನ್ನ ಐದನೆಯ ಗುಂಡಿ ಹುಡುಕಿಕೊಂಡು ಮನೆಯಿಂದ ಮನೆಗೆ ಹೋಗುತ್ತದೆ. ಕುಂಬಾರನ ಮನೆಗೆ ಹೋಯಿತು, ಅಲ್ಲಿ ಕಂಡದ್ದು ಒಂದು ಸಾಲು. ಸೂಲಗಿತ್ತಿಯ ಮನೆಗೆ ಹೋಯಿತು, ಅಲ್ಲಿ ಕೇಳಿದ್ದು ಎರಡು ಸಾಲು. ಅಂಗಿ ಮುಂದೆ ಮುಂದೆ, ಗುಂಡಿಯವಳು ಹಿಂದೆ ಹಿಂದೆ. ದಿನಕ್ಕೆ ಹತ್ತು ಬರೆದರೆ ವಾರಕ್ಕೆ ಎರಡೋ ಮೂರೋ ಉಳಿಯುತ್ತಿದ್ದವು. ಕೆಲವು ವಾರ ಒಂದೂ ಉಳಿಯುತ್ತಿರಲಿಲ್ಲ. ಆಗ ತಲೆ ಮೇಲೆ ಕೈ ಹೊತ್ತು ಕೂತು, ಯಾಕಾದರೂ ಈ ಹಗ್ಗ ತಂದೆನೋ ಎಂದು ಅಳುತ್ತಿದ್ದಳು. ಬೆಳಗಾದರೆ ಮತ್ತೆ ಮಸಿ ಕಲಸುತ್ತಿದ್ದಳು. ಹೀಗೆ ಆರು ತಿಂಗಳಲ್ಲಿ ನಲವತ್ತು ಸಾಲು. ಹಗ್ಗಕ್ಕೆ ಬೇಕಾದದ್ದು ನೂರಾ ಇಪ್ಪತ್ತು.

ಪಕ್ಕದ ಮನೆಯಲ್ಲಿ ಗಂಜಿಯವನು ಇದ್ದ. ಅವನ ಹಗ್ಗ ಎಷ್ಟೋ ವರ್ಷದಿಂದ ಭರ್ತಿ. ಒಂದು ಸಾಲೂ ಹಾರಿದ್ದನ್ನು ಯಾರೂ ನೋಡಿರಲಿಲ್ಲ. ಅವನು ಬೇಲಿಯ ಮೇಲಿಂದ ತಲೆ ಹಾಕಿ, "ಏನಮ್ಮಾ, ದಿನಾ ಒದ್ದಾಡ್ತೀಯ! ಬರೆದ ಮೇಲೆ ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಬಾರದೇ?" ಅಂದ.

"ಗಂಜಿಯಲ್ಲೇ?"

"ಗಟ್ಟಿ ಗಂಜಿ. ಅದ್ದಿ ನೋಡು. ಗಾಳಿಯಪ್ಪ ಬಂದರೂ ಅಲ್ಲಾಡೋದಿಲ್ಲ."

ಅವಳ ಕೈ ಸುಮ್ಮನಿದ್ದೀತೇ! ಅವತ್ತೇ ಗಂಜಿ ಕಾಯಿಸಿದಳು. ಮನಸ್ಸಿಗೆ ಬಂದದ್ದನ್ನೆಲ್ಲ ಬರೆದಳು: ಭವ್ಯ, ದಿವ್ಯ, ಅಮರ, ಅನಂತ. ಅದ್ದಿದಳು, ಹಾಕಿದಳು. ಚೆನ್ನಾಗಿ ಕಾಣುತ್ತದೆಂದು ಹಳೆಯ ನಲವತ್ತನ್ನೂ ಅದ್ದಿದಳು. ಗಾಳಿ ಬಂತು, ತಳ್ಳಿತು, ಎಳೆಯಿತು. ಸಾಲುಗಳು ಹಪ್ಪಳದ ಹಾಗೆ ಸೆಟೆದು ನಿಂತಿದ್ದವು. ಒಂದು ಹದಿನೈದು ದಿನದಲ್ಲಿ ಹಗ್ಗ ಈ ಕಂಬದಿಂದ ಆ ಕಂಬಕ್ಕೆ ತುಂಬಿಯೇಹೋಯಿತು. ದಾರಿಯಲ್ಲಿ ಹೋಗುವವರು "ಆಹಾ!" ಅಂದರು. ಯಾರೂ ನಿಂತು ಓದಲಿಲ್ಲ, ಆದರೆ ಆಹಾ ಅಂತೂ ಅಂದರು. ಅತ್ತೆಯ ಮುಖ ಸಣ್ಣದಾಯಿತು. ಸೀರೆಯನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಾಯಿಸಿಕೊಂಡರು.

ಗುಂಡಿಯವಳು ಮರೆತದ್ದು ಒಂದೇ. ಗಂಜಿಯವನ ಮನೆಯಲ್ಲಿ ಹಸು ಇರಲಿಲ್ಲ. ಇವಳ ಮನೆಯಲ್ಲಿ ಇತ್ತು.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಹಸು ಗೂಟ ಕಿತ್ತುಕೊಂಡು ಬಂದು ಹಗ್ಗದ ಕೊನೆಯ ತುದಿಯಲ್ಲಿ ನಿಂತು, ಕಣ್ಣು ಅರೆಮುಚ್ಚಿ, "ಅನಂತ"ವನ್ನು ಅಗಿಯುತ್ತಿತ್ತು. ಉಳಿದದ್ದೆಲ್ಲ ಹೊಟ್ಟೆಯಲ್ಲಿ. ಹಗ್ಗ ನುಣ್ಣಗೆ ಹೊಳೆಯುತ್ತಿತ್ತು, ನೆಕ್ಕಿದ್ದರಿಂದ.

ಅವಳು ಅಳಲೂ ಆಗದೆ ಕೂತುಬಿಟ್ಟಳು. ಸಂಜೆ ಅತ್ತೆ ಹಾಲು ಕರೆದು ತಂದು, ತಂಬಿಗೆಯೊಳಗೆ ಇಣುಕಿ ನೋಡಿ, "ಅಲ್ಲ ಕಣೇ, ಅಷ್ಟೊಂದು ಬರೆದದ್ದು ತಿಂದಿದೆ, ಒಂದು ತೊಟ್ಟು ಹಾಲು ಜಾಸ್ತಿ ಕೊಡಲಿಲ್ಲವಲ್ಲ!" ಅಂದರು.

ಆ ಮಾತಿಗೆ ಗುಂಡಿಯವಳಿಗೆ ನಗು ಬಂತು. ತಡೆದುಕೊಂಡಳು, ಮೂಗಿನಲ್ಲಿ ಬಂತು. ನಕ್ಕು ನಕ್ಕು ಸುಸ್ತಾಗಿ, ಹೊಸ ಚೂರುಗಳನ್ನು ಮುಂದಿಟ್ಟುಕೊಂಡು ಹೋದದ್ದನ್ನು ನೆನಪು ಮಾಡಿಕೊಳ್ಳಲು ಕೂತಳು. ಮೊದಲಿನ ನಲವತ್ತು ಸಾಲು ಕರೆದ ತಕ್ಷಣ ಓಡಿಬಂದವು, ಒಂದರ ಹಿಂದೆ ಒಂದು. ಗಂಜಿಯ ಸಾಲುಗಳನ್ನು ಎಷ್ಟು ಕರೆದರೂ ಒಂದೂ ಬರಲಿಲ್ಲ. ತಾನೇ ಬರೆದದ್ದು, ಹದಿನೈದು ದಿನ ಕಣ್ಣೆದುರೇ ತೂಗಿದ್ದು, ಒಂದಕ್ಷರವೂ ನೆನಪಿಲ್ಲ! ಅವಳು ಉಳಿದ ಗಂಜಿಯನ್ನು ತೆಗೆದುಕೊಂಡು ಹೋಗಿ ಹಸುವಿನ ಮುಂದೆಯೇ ಇಟ್ಟಳು. ಅಂದಿನಿಂದ ಹಸುವಿಗೆ ಗಂಜಿಯ ಸಾಲಿನ ರುಚಿ ಹತ್ತಿತು. ಗಂಜಿಯವನು ಹಗಲೆಲ್ಲ ದೊಣ್ಣೆ ಹಿಡಿದು ತನ್ನ ಹಗ್ಗ ಕಾಯುತ್ತ ನಿಲ್ಲಬೇಕಾಯಿತು, ಪಾಪ.

ಆಮೇಲಿನ ತಿಂಗಳುಗಳನ್ನು ಏನೆಂದು ಹೇಳಲಿ! ಅವಳು ಗುಂಡಿ ಹಾಕುತ್ತಾ ಬರೆದಳು, ಒಲೆಯ ಮುಂದೆ ಬರೆದಳು, ನೀರು ಸೇದುತ್ತಾ ಅರ್ಧ ಸಾಲು ಹೊಳೆದು ಕೊಡ ಬಾವಿಗೆ ಬಿಟ್ಟಳು. ಅಂಗಿಗಳಿಗೆ ಗುಂಡಿ ಅದಲುಬದಲಾಗಿ, ಊರಿನ ಗಂಡಸರೆಲ್ಲ ಒಂದು ವಾರ ಓರೆಯಾಗಿ ನಡೆದರು. ಅಕ್ಕಸಾಲಿಗನ ಮನೆ, ಕಂಚುಗಾರನ ಮನೆ, ಹೂವಾಡಗಿತ್ತಿಯ ಮನೆ, ಎಲ್ಲ ಮನೆಗೂ ಅಂಗಿ ಹೋಗಿ ಬಂತು. ಗಾಳಿಯೂ ಈಗ ಮೊದಲು ಅವಳ ಅಂಗಳಕ್ಕೇ ಬರುತ್ತಿತ್ತು, ಮುಂದೇನಾಯಿತು ಎಂದು ತಿಳಿಯಲು. ಗಾಳಿ ತವರಿಗೆ ಹೊರಡಲು ಹತ್ತು ದಿನ ಇದೆಯೆನ್ನುವಾಗ ನೂರಾ ಹತ್ತೊಂಬತ್ತು ಸಾಲು ತೂಗುತ್ತಿದ್ದವು. ಬೇಕಾದದ್ದು ಇನ್ನೊಂದೇ, ಕೊನೆಯ ಸಾಲು. ಗುಂಡಿ ಸಿಗಬೇಕು, ಕಥೆ ಮುಗಿಯಬೇಕು. ಹಗ್ಗದ ತುದಿಯಲ್ಲಿ ಸರಿಯಾಗಿ ಕಾಗೆ ಕೂರುವಷ್ಟು ಜಾಗ.

ಗುಂಡಿ ಬಾವಿಯಲ್ಲಿ ಸಿಕ್ಕಿತು ಎಂದು ಬರೆದಳು. ಹಾರಿಹೋಯಿತು. ಮೀನಿನ ಹೊಟ್ಟೆಯಲ್ಲಿ ಸಿಕ್ಕಿತು ಅಂದಳು. ಅದೂ ಹೋಯಿತು. ಊರಿನ ಮನೆಗಳೆಲ್ಲ ಮುಗಿದಿದ್ದವು, ಅಂಗಿ ಹೋಗದೆ ಉಳಿದದ್ದು ಒಂದೇ ಮನೆ. ಅದು ಅವಳದೇ ಮನೆ. ಅದರೊಳಗೆ ಇರುವುದು ಅತ್ತೆ. ಅತ್ತೆಯನ್ನು ಹೇಗೆ ಬರೆಯುವುದು? ಊರಿನವರ ಮುಂದೆ ಓದಿದರೆ ಆಮೇಲೆ ಒಂದೇ ಒಲೆಯ ಮುಂದೆ ಕೂರಬೇಡವೇ? ಅವಳಿಗೆ ಗಾಳಿಗಿಂತ ಅತ್ತೆಯ ಭಯವೇ ಜಾಸ್ತಿ. ಹೆದರಿ ಹೆದರಿ, "ಅಂಗಿ ಕೊನೆಗೆ ಬಂದ ಮನೆಯಲ್ಲಿ ಸಾಕ್ಷಾತ್ ದೇವತೆಯಂಥ ಅತ್ತೆ ಇದ್ದರು" ಎಂದು ಬರೆದು ಹಾಕಿದಳು.

ಅವತ್ತು ಗಾಳಿ ಊರೊಳಗೆ ಇನ್ನೂ ಸರಿಯಾಗಿ ಬಂದೇ ಇರಲಿಲ್ಲ. ಬೆಟ್ಟದ ಹತ್ತಿರವೇ ನಿಂತು ಓದಿತೇನೋ, ಆ ಸಾಲು ತಾನಾಗಿಯೇ ಕಿತ್ತುಕೊಂಡು ಹೋಗಿ ಬೆಟ್ಟ ದಾಟಿತು. ಆ ಊರಿನಲ್ಲಿ ಯಾವ ಸಾಲೂ ಅಷ್ಟು ದೂರ ಹಾರಿರಲಿಲ್ಲ.

ಗಾಳಿ ತವರಿಗೆ ಹೋಯಿತು. ಎಲೆ ಅಲ್ಲಾಡಲಿಲ್ಲ. ಬಿಸಿಲು ಅಂಗಳದಲ್ಲಿ ಕಾಲು ಚಾಚಿ ಮಲಗಿತ್ತು. ಊರಿನವರೆಲ್ಲ ಬೇಲಿಯ ಸುತ್ತ ನೆರೆದರು. ಹಗ್ಗದಜ್ಜ ಬೆತ್ತದಿಂದ ಒಂದೊಂದೇ ಸಾಲು ಮುಟ್ಟಿ, ಒಂದೊಂದಕ್ಕೂ "ಹೂಂ" ಅನ್ನುತ್ತಾ ಬಂದ. ನೂರಾ ಹತ್ತೊಂಬತ್ತು ಹೂಂ. ಆಮೇಲೆ ಬೆತ್ತ ನಿಂತಿತು. ಅಷ್ಟರಲ್ಲಿ, ಹೇಳಿ ಕಳಿಸಿದ ಹಾಗೆ, ಒಂದು ಕಾಗೆ ಬಂದು ಆ ಜಾಗದಲ್ಲಿ ಕೂತು, ರೆಕ್ಕೆ ಸರಿಮಾಡಿಕೊಂಡು, ಎಲ್ಲರನ್ನೂ ನೋಡಿತು.

"ಕೂತಿತಲ್ಲ ತಾಯಿ," ಅಂದ ಅಜ್ಜ. ಅವನಿಗೂ ಬೇಜಾರಾಗಿತ್ತು. ಕಂಬದ ಗಂಟಿಗೆ ಕೈ ಹಾಕಿದ.

ಗುಂಡಿಯವಳು ತಲೆ ತಗ್ಗಿಸಿದಳು. ಈ ಹಗ್ಗ ಹೋದರೆ ಮತ್ತೆ ಬೆಳಗಾದರೆ ಗುಂಡಿ, ಸಂಜೆಯಾದರೆ ಗುಂಡಿ. ಇಡೀ ವರ್ಷ ಒಳಗೆ ಕುಣಿಯುತ್ತಿದ್ದದ್ದು ಇವತ್ತಿಗೆ ನಿಂತುಹೋಗುತ್ತದೆ. ಕಣ್ಣಲ್ಲಿ ನೀರು ತುಂಬಿ ತಲೆ ಎತ್ತಿದರೆ ಎದುರಿಗೆ ಅತ್ತೆ. ಹೆಗಲ ಮೇಲೆ ಸೀರೆ ಹೊತ್ತು ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದಾರೆ. ವರ್ಷವಿಡೀ ನಿಂತ ಹಾಗೇ. ಸೀರೆ ಎಂದಿನ ಹಾಗೆ ಒಣಗಿ ಗರಿಗರಿಯಾಗಿದೆ. ಅದು ಒಣಗಿದ್ದು ಊರಿಗೆಲ್ಲ ಗೊತ್ತು, ಅತ್ತೆಗೊಬ್ಬರಿಗೇ ಗೊತ್ತಿಲ್ಲ.

ಗುಂಡಿಯವಳಿಗೆ ಕೊನೆಯ ಸಾಲು ಕಂಡುಬಿಟ್ಟಿತು. ಅಯ್ಯೋ ದೇವರೇ, ಇಷ್ಟು ದಿನ ಕಣ್ಣ ಮುಂದೆಯೇ ನಿಂತಿತ್ತು! ಅಳುತ್ತಿದ್ದವಳು ಹಾಗೇ ನಗತೊಡಗಿದಳು.

"ಅಜ್ಜ, ಗಂಟು ಬಿಡಬೇಡ. ಇನ್ನೊಂದು ಸಾಲಿದೆ."

"ಬಟ್ಟೆ ಎಲ್ಲಿದೆ?"

ಚೂರು ಒಂದೂ ಉಳಿದಿರಲಿಲ್ಲ. ಅವಳು ಅತ್ತೆಯ ಕಡೆ ತಿರುಗಿ ಕೈ ಚಾಚಿದಳು. "ಅತ್ತೆ, ಆ ಸೀರೆ ಕೊಡಿ. ಹಗ್ಗಕ್ಕೆ ಹಾಕೋಣ."

ಈ ಮಾತಿಗಾಗಿ ಒಂದು ವರ್ಷ ಕಾದಿದ್ದರು ಅತ್ತೆ. "ಈಗಲಾದರೂ ಬುದ್ಧಿ ಬಂತಲ್ಲ!" ಎಂದು ತಕ್ಷಣ ಕೊಟ್ಟರು.

"ಒದ್ದೆ ಬಟ್ಟೆಗೆ ಮಸಿ ಹಿಡಿಯೋದಿಲ್ಲ ತಾಯಿ," ಅಂದ ಅಜ್ಜ.

"ಮುಟ್ಟಿ ನೋಡು ಅಜ್ಜ."

ಅಜ್ಜ ಮುಟ್ಟಿದ. ಅತ್ತೆಯ ಮುಖ ನೋಡಿದ. ಮೀಸೆ ತಿರುವಿಕೊಂಡ. ಅಷ್ಟರಲ್ಲಿ ಗುಂಡಿಯವಳು ಅಂಚಿನ ಮೇಲೆ ಬರೆದು ಮುಗಿಸಿದ್ದಳು.

"ಅಯ್ಯಯ್ಯೋ, ನನ್ನ ಸೀರೆಗೆ ಮಸಿ!" ಅತ್ತೆ ಕೂಗಿದರು. ಸೀರೆ ಅಂಗೈಯಗಲಕ್ಕೆ ಮಡಿಕೆಯಾಗಿ ಹಗ್ಗದ ಮೇಲೆ ಹೋಗಿತ್ತು. ಕಾಗೆ ಪಕ್ಕಕ್ಕೆ ಸರಿಯಿತು, ಇನ್ನೂ ಸರಿಯಿತು, ಕೂರಲು ಜಾಗ ಸಾಲದೆ ಬೈದುಕೊಂಡು ಹಾರಿತು.

ಆದರೆ ಅಜ್ಜ ಅಡ್ಡಡ್ಡ ತಲೆಯಾಡಿಸಿದ. "ಗಾಳಿ ಓದದ ಸಾಲು ಲೆಕ್ಕಕ್ಕಿಲ್ಲ. ಗಾಳಿ ಇವತ್ತು ತವರಿನಲ್ಲಿ. ನಾನೇನು ಮಾಡಲಿ?"

ಜನರೆಲ್ಲ ಗುಸುಗುಸು ಅಂದರು. ಆಗ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಅವರ ಕಣ್ಣು ಕೆಂಪಾಗಿತ್ತು. ನಲವತ್ತು ವರ್ಷ ಹಸಿ ಸೌದೆಯ ಒಲೆ ಊದಿದ ಬಾಯಿ ಅದು. ಆ ಊರಿನಲ್ಲಿ ಗಾಳಿ ಬಿಟ್ಟರೆ ಊದುವುದರಲ್ಲಿ ಅವರೇ. "ಗಾಳಿ ಇಲ್ಲದಿದ್ದರೆ ನಾನಿಲ್ಲವೇ? ನಾನು ಹಾರಿಸ್ತೀನಿ. ನನ್ನ ಊದುಗೊಳವೆ ತನ್ನಿ ಯಾರಾದರೂ! ಅಕ್ಷರ ಬರೋದಿಲ್ಲ ನನಗೆ. ಏನು ಬರೆದಿದ್ದೀಯೋ ಓದೇ ನೀನು."

ಊದುಗೊಳವೆ ಬಂತು. ಅತ್ತೆ ಅದನ್ನು ಸೀರೆಗೆ ಗುರಿಯಿಟ್ಟು, ಕೆನ್ನೆ ಉಬ್ಬಿಸಿ, ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡರು. ಗುಂಡಿಯವಳು ಕಂಬ ಹಿಡಿದು ನಿಂತಳು. ಗಟ್ಟಿಯಾಗಿ ಓದಿದಳು:

"ಅಂಗಿ ಕೊನೆಗೆ ಬಂದ ಮನೆಯಲ್ಲಿ ಒಬ್ಬ ಅತ್ತೆ ಹಗ್ಗ ಖಾಲಿಯಾಗಲೆಂದು ಒದ್ದೆ ಸೀರೆ ಹೊತ್ತು ಒಂದು ವರ್ಷ ನಿಂತಿದ್ದರು, ಸೀರೆ ದಿನಾ ಹೆಗಲ ಮೇಲೆಯೇ ಒಣಗುತ್ತಿತ್ತು, ಅತ್ತೆ ದಿನಾ ನಿಲ್ಲುತ್ತಿದ್ದರು, ಗುಂಡಿ ಅವರ ಸೆರಗಿನ ಗಂಟಿನಲ್ಲಿತ್ತು."

ಅತ್ತೆ ಊದುಗೊಳವೆ ಬಾಯಿಗಿಟ್ಟುಕೊಂಡೇ ತಮ್ಮ ಹೆಗಲು ನೋಡಿಕೊಂಡರು. ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಗಂಟು ನೋಡಿಕೊಂಡರು. ಉಬ್ಬಿದ ಕೆನ್ನೆ ಅದುರಿತು. ಊದುಗೊಳವೆಯ ಆ ತುದಿಯಿಂದ "ಪುರ್ರ್" ಎಂದು ಒಂದು ಸದ್ದು ಬಂತು.

"ತಾಳಿ, ತಾಳಿ, ಇದು ಲೆಕ್ಕಕ್ಕಿಲ್ಲ," ಎಂದು ಅತ್ತೆ ಮತ್ತೆ ಉಸಿರು ಎಳೆದುಕೊಂಡರು. ಮೋಸ ಮಾಡುವ ಹೆಂಗಸಲ್ಲ, ಊದುವುದೆಂದರೆ ಊದುವುದೇ. ಊದಲು ಹೋದರು. ಬಂದದ್ದು ನಗು. ಮೂರನೆಯ ಸಲ ಎಳೆದುಕೊಂಡರು, ಅಷ್ಟರಲ್ಲಿ ಹಿಂದಿನಿಂದ ಗಂಜಿಯವನು ದೊಣ್ಣೆ ಕೆಳಗೆ ಹಾಕಿ ನಕ್ಕ. ಕುಂಬಾರ ನಕ್ಕ, ಸೂಲಗಿತ್ತಿ ನಕ್ಕಳು, ಅಜ್ಜ ಬೆತ್ತ ಊರಿಕೊಂಡು ಬಗ್ಗಿ ಬಗ್ಗಿ ನಕ್ಕ. "ನೀವಾದರೂ ಊದಿರೋ!" ಎಂದು ಅತ್ತೆ ಕಣ್ಣೊರೆಸಿಕೊಂಡು ಕೂಗಿದರು. ಊರಿಗೆ ಊರೇ ಕೆನ್ನೆ ಉಬ್ಬಿಸಿಕೊಂಡು ಬಂತು. ನಗುವ ಬಾಯಿಂದ ಊದಲು ಯಾರಿಗೆ ಬಂದೀತು! ಒಬ್ಬರ ಉಬ್ಬಿದ ಮುಖ ನೋಡಿ ಇನ್ನೊಬ್ಬರ ಉಸಿರು ಒಡೆಯುತ್ತಿತ್ತು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತರು. ಸೀರೆಯ ಒಂದು ಎಳೆಯೂ ಅಲ್ಲಾಡಲಿಲ್ಲ.

ಅಜ್ಜ ಬೆತ್ತ ಎತ್ತಿ ಸೀರೆಗೆ ಮುಟ್ಟಿಸಿ, "ಹೂಂ," ಅಂದ.

ಅತ್ತೆ ಸೊಂಟದಿಂದ ಸೆರಗು ಎಳೆದು ಗಂಟು ಬಿಚ್ಚಿದರು. ವರ್ಷವೆಲ್ಲ ಹೆಕ್ಕಿದ ಗುಂಡಿಗಳು ಬಿಳಿ, ಕಪ್ಪು, ನೀಲಿ, ಸೊಸೆಯ ಮಡಿಲಿಗೆ ಸುರಿದವು. "ಕೇಳು ಅಂದಿದ್ದೆ. ನೀನು ಕೇಳಲೇ ಇಲ್ಲ," ಅಂದರು. ಊರು ಅಂಗಳದಲ್ಲಿ ಕೂತು ಮೊದಲ ಕಂಬದಿಂದ ಕಥೆ ಕೇಳಿತು. ಕೊನೆಯ ಸಾಲು ಬಂದಾಗ ಅತ್ತೆ ಎಲ್ಲರಿಗಿಂತ ಮೊದಲು ನಕ್ಕು, "ಅದು ನಾನೇ," ಎಂದು ಪಕ್ಕದವಳಿಗೆ ಹೇಳಿದರು.

ಮಾರನೆಯ ದಿನ ಗಾಳಿ ತವರಿನಿಂದ ಬಂತು. ಆ ಹೊತ್ತಿಗೆ ಗುಂಡಿಯವಳು ಹಳೆಯ ಕಥೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿ, ಬರಿಯ ಹಗ್ಗದ ಮುಂದೆ ಮಸಿ ಕಲಸಿಕೊಂಡು ಕೂತಿದ್ದಳು. ಏನು ಬರೆಯುವುದೋ ಗೊತ್ತಿರಲಿಲ್ಲ. ಬಾವಿಯ ಕಡೆಯಿಂದ ಅತ್ತೆ ಬಂದರು. ಹೆಗಲ ಮೇಲೆ ಹಿಂಡಿದ ಸೀರೆ, ತೊಟತೊಟ ನೀರು.

"ಅತ್ತೆ, ಹಗ್ಗ ಖಾಲಿ ಇದೆ, ಇವತ್ತು ಹಾಕಿಕೊಳ್ಳಿ."

"ಬೇಡ ಬೇಡ," ಎಂದು ಅತ್ತೆ ಹಗ್ಗದ ಕೆಳಗೆ ತಮ್ಮ ಜಾಗದಲ್ಲಿ ನಿಂತು, ಸೀರೆ ಸರಿಮಾಡಿಕೊಂಡು, ಮುಖ ಬೆಳಕಿಗೆ ತಿರುಗಿಸಿದರು. "ನಾನು ನಿಂತಿರ್ತೀನಿ. ನೀನು ಬರಿ."